ನೆರಳು ಕೊಡದ ಕೊಮಾಲೆ

ಏಳು ಬೆಟ್ಟಗಳ ಆಚೆ, ಎಂಟನೆಯ ಬೆಟ್ಟ ಇನ್ನೂ ಮಣ್ಣಿನ ಹೊಟ್ಟೆಯಲ್ಲಿ ಮಲಗಿದ್ದ ಕಾಲದಲ್ಲಿ, ಉರಿಗಲ್ಲು ಅಂತ ಒಂದು ರಾಜ್ಯ ಇತ್ತು. ಅಲ್ಲಿನ ಬಿಸಿಲು ಅಂದರೆ ಬಿಸಿಲು. ನಿಮ್ಮೂರಿನ ಬಿಸಿಲನ್ನು ಅದರ ಪಕ್ಕ ಇಟ್ಟರೆ ಬೆಳದಿಂಗಳು ಅಂದುಕೊಂಡು ಮಕ್ಕಳಿಗೆ ಕೈತುತ್ತು ಹಾಕಬಹುದು. ಕೋಳಿ ಇಟ್ಟ ಮೊಟ್ಟೆ ನೆಲ ಮುಟ್ಟುವಷ್ಟರಲ್ಲಿ ಬೆಂದಿರುತ್ತಿತ್ತು. ನಾನು ಸುಳ್ಳು ಹೇಳುವವನಲ್ಲ. ಅಕ್ಷರ ಕಲಿತವರು ಸುಳ್ಳನ್ನು ಬರೆದಿಟ್ಟುಕೊಳ್ಳುತ್ತಾರೆ. ನನಗೆ ಅಕ್ಷರವೇ ಬಾರದು, ಸುಳ್ಳನ್ನು ಎಲ್ಲಿ ಇಟ್ಟುಕೊಳ್ಳಲಿ?

ಆ ರಾಜ್ಯಕ್ಕೆ ಒಂದು ದಿನ ಒಬ್ಬ ಮಾಟಗಾರ ಬಂದ. ಹೆಸರು ಸೂಜಿಸಿದ್ಧ. ಬಿದಿರಿನಷ್ಟು ಉದ್ದ, ಬಿದಿರಿನಷ್ಟೇ ಸಣಕಲು. ಹೆಗಲ ಮೇಲೆ ಒಂದು ನೂಲುವ ಕದಿರು, ಹಿಂದೆ ಒಂದು ಟಗರು. ಆ ಟಗರಿನ ಕೊಂಬು ಕತ್ತರಿಯಂತೆ ಇತ್ತು. ಒಂದಕ್ಕೊಂದು ತಾಗಿದರೆ 'ಕಚಕ್' ಅನ್ನುತ್ತಿತ್ತು.

"ಪಾಪ, ಬೇಯ್ತಾ ಇದ್ದೀರಿ" ಅಂದ ಸಿದ್ಧ. "ಒಬ್ಬೊಬ್ಬರೂ ನಿಮ್ಮ ನೆರಳು ಕೊಡಿ. ಎಲ್ಲವನ್ನೂ ಸೇರಿಸಿ ಹೊಲಿದು ಊರಿಗೆಲ್ಲ ಒಂದೇ ಚಪ್ಪರ ಹಾಕ್ತೀನಿ."

ಜನ ಕುಣಿದಾಡಿ ಕೊಟ್ಟರು. ಯಾರು ಕೊಡುವುದಿಲ್ಲ ಹೇಳಿ, ತಲೆ ಸುಡುವಾಗ? ಟಗರು ಹಿಮ್ಮಡಿಯ ಹತ್ತಿರ ಬಾಗುತ್ತಿತ್ತು. ನೆರಳಿನ ಒಡೆಯ 'ತಗೋ' ಅನ್ನುತ್ತಿದ್ದ. ಕಚಕ್. ನೆರಳು ಒದ್ದೆ ಬಟ್ಟೆಯ ಹಾಗೆ ಸಿದ್ಧನ ಕೈಗೆ ಬರುತ್ತಿತ್ತು. ಹೀಗೆ ಇಡೀ ಪಟ್ಟಣದ ಮೇಲೆ ಬೂದುಬಣ್ಣದ ಚಪ್ಪರ ಎದ್ದಿತು. ತಂಪೋ ತಂಪು! ಚಪ್ಪರಕ್ಕೆ ಕೊಂಬೆ ತಾಗುತ್ತದೆ ಅಂತ ಸಿದ್ಧ ಮರಗಳನ್ನು ಕಡಿಸಿದ. ಚಪ್ಪರ ಇದ್ದ ಮೇಲೆ ಸೂರು ಯಾತಕ್ಕೆ ಅಂತ ಮನೆಗಳ ಸೂರು ಕೀಳಿಸಿದ. ಉಳಿದದ್ದು ನಾಲ್ಕು ಗೋಡೆ. ತಲೆಯ ಮೇಲೆ ಊರ ನೆರಳು.

ಆಮೇಲೆ ಆ ಊರು ಒಂದು ಕನಸಿನ ಹಾಗೆ ಆಗಿಹೋಯಿತು. ನೆರಳುಗಳು ಒಂದಕ್ಕೊಂದು ಹೊಲಿದುಕೊಂಡಿದ್ದವಲ್ಲ, ಒಬ್ಬ ಆಕಳಿಸಿದರೆ ಬೀದಿಯೆಲ್ಲ ಆಕಳಿಸುತ್ತಿತ್ತು. ಒಬ್ಬಳಿಗೆ ಬೆನ್ನು ಕಡಿದರೆ ಏಳು ಮನೆಯವರು ಕೆರೆದುಕೊಳ್ಳುತ್ತಿದ್ದರು. ಯಾರಿಗಾದರೂ ನಗು ಬಂದರೆ ಮೊದಲು ತಲೆ ಎತ್ತಿ ಚಪ್ಪರ ಅಲುಗಿತೇ ಅಂತ ನೋಡಿ, ಆಮೇಲೆ ನುಂಗಿಕೊಳ್ಳುತ್ತಿದ್ದರು. ಊರು ಬಿಟ್ಟು ಹೊರಗೆ ಹೋಗುವ ಹಾಗೂ ಇರಲಿಲ್ಲ. ನೆರಳಿಲ್ಲದವರು ಬಿಸಿಲಿಗೆ ನಿಂತರೆ ಎಲೆಯ ಮೇಲಿನ ಮಂಜಿನ ಹಾಗೆ ಅಂಚಿನಿಂದ ಆವಿಯಾಗುತ್ತಿದ್ದರು.

ವರ್ಷಗಳು ಉರುಳಿದವು. ಕುಣಿದಾಡಿ ಕೊಟ್ಟವರು ಸತ್ತರು. ಅವರ ಮಕ್ಕಳಿಗೆ ಅದು ಪದ್ಧತಿಯಾಯಿತು. ಹದಿನಾರು ತುಂಬಿದ ದಿನ ಕಟ್ಟೆಯ ಮೇಲೆ ನಿಲ್ಲುವುದು, 'ತಗೋ' ಅನ್ನುವುದು, ಮನೆಗೆ ಬಂದು ಪಾಯಸ ಉಣ್ಣುವುದು. ಅದಕ್ಕೆ ನೆರಳುಮುಯ್ಯಿ ಅಂತ ಹೆಸರು. ಮದುವೆಗೆ ಮುಯ್ಯಿ ಮಾಡಿದ ಹಾಗೆ, ಊರಿಗೆ ಮುಯ್ಯಿ.

ಆ ಊರಲ್ಲಿ ಸಂಕವ್ವ ಅಂತ ಒಬ್ಬ ಮುದುಕಿ, ಅವಳಿಗೆ ಕೊಮಾಲೆ ಅಂತ ಒಬ್ಬಳೇ ಮೊಮ್ಮಗಳು. ಹಪ್ಪಳ ಮಾಡುವುದು ಅವರ ಕಸುಬು. ಅಂಥ ಹಪ್ಪಳ ಈಗ ಎಲ್ಲಿದೆ! ಒಂದನ್ನು ಮುರಿದರೆ ಮೂರು ಹರದಾರಿ ದೂರದ ನಾಯಿ ಕಿವಿ ನಿಮಿರಿಸುತ್ತಿತ್ತು. ಅಜ್ಜಿ ಚಪ್ಪರದ ಕೆಳಗೆ ಕೂತು ಲಟ್ಟಿಸುವಳು. ಆದರೆ ನೆರಳಲ್ಲಿ ಹಪ್ಪಳ ಒಣಗುತ್ತದೆಯೇ? ಕೊಮಾಲೆ ಮೊರದಲ್ಲಿ ಹೊತ್ತು ಊರಾಚೆಯ ಬಿಸಿಲುಬಂಡೆಗೆ ಹೋಗಿ ಹರಡುವಳು. ಅವಳಿಗೆ ಇನ್ನೂ ಹದಿನಾರಾಗಿರಲಿಲ್ಲ, ನೆರಳು ಕಾಲಿಗೇ ಇತ್ತು.

ಬಂಡೆಯ ಮೇಲೆ ಅವಳು, ಅವಳ ನೆರಳು, ಇಬ್ಬರೇ. ಬೆಳಿಗ್ಗೆ ಆ ನೆರಳು ತೆಂಗಿನಮರದಷ್ಟು ಉದ್ದ ಚಾಚಿಕೊಂಡು ದೂರದ ನೀಲಿಬೆಟ್ಟವನ್ನು ಮುಟ್ಟಲು ನೋಡುತ್ತಿತ್ತು. ಮಧ್ಯಾಹ್ನ ನಾಯಿಮರಿಯ ಹಾಗೆ ಪಾದದ ಕೆಳಗೆ ಮುದುಡಿ ಮಲಗುತ್ತಿತ್ತು. ಸಂಜೆ ಇನ್ನೊಂದು ಕಡೆ ಎದ್ದು, 'ಮನೆಗೆ ಹೋಗೋಣ ಬಾ' ಅಂತ ಮುಂದೆ ಮುಂದೆ ನಡೆಯುತ್ತಿತ್ತು. ಇನ್ನೂ ಹೊಲಿಗೆಗೆ ಸೇರದ ನೆರಳು ಅದು, ಯಾರ ಆಕಳಿಕೆಯೂ ಅವಳ ಬಾಯಿಗೆ ಬರುತ್ತಿರಲಿಲ್ಲ. ನೀಲಿಬೆಟ್ಟದ ಆಚೆ ಏನಿದೆಯೋ ಒಂದು ದಿನ ನೋಡಿ ಬರಬೇಕು ಅಂತ ಅವಳಿಗೆ ಆಸೆ. ಯಾರಿಗೂ ಹೇಳಿರಲಿಲ್ಲ.

ಅವಳಿಗೂ ಹದಿನಾರು ತುಂಬಿತು.

ಕಟ್ಟೆಯ ಮೇಲೆ ಚಪ್ಪರಕ್ಕೆ ಒಂದು ಕಿಂಡಿ. ನೆರಳು ಬೀಳಲಿ ಅಂತ ಬಿಟ್ಟದ್ದು. ಕೊಮಾಲೆ ಆ ಬಿಸಿಲುಕೋಲಿನಲ್ಲಿ ನಿಂತಳು. ದೊರೆ ಬಂದಿದ್ದ, ಊರೆಲ್ಲ ಸೇರಿತ್ತು. ಸೂಜಿಸಿದ್ಧ ದಾರ ಪೋಣಿಸಿಕೊಂಡು ಕೂತಿದ್ದ. ಟಗರು ಬಾಗಿತು.

"ತಗೋ ಅನ್ನು ಮಗಳೇ."

"ಯಾಕೆ?" ಅಂದಳು ಕೊಮಾಲೆ.

ಮೂರು ತಲೆಮಾರಿನಲ್ಲಿ ಆ ಕಟ್ಟೆಯ ಮೇಲೆ ಯಾರೂ ಆ ಮಾತು ಆಡಿರಲಿಲ್ಲ. ದೊರೆಗೆ ಬಿಕ್ಕಳಿಕೆ ಬಂತು. ಊರಿಗೆಲ್ಲ ಬಿಕ್ಕಳಿಕೆ ಬಂತು.

"ಯಾಕೆ ಅಂದರೆ?" ಪಕ್ಕದ ಮನೆ ಗಿಡ್ಡವ್ವ ಸೊಂಟಕ್ಕೆ ಕೈ ಕೊಟ್ಟಳು. "ಎಲ್ಲರೂ ಕೊಟ್ಟಿಲ್ವೇನೇ? ನಮ್ಮೆಲ್ಲರ ನೆರಳಲ್ಲಿ ಬೆಳೆದವಳಲ್ವೇನೇ ನೀನು?"

"ಹೌದು ಗಿಡ್ಡಜ್ಜಿ, ಬೆಳೆದೆ. ನಿನಗೆ ಬಿಸಿಲು ಬಿದ್ದರೆ ಕರಿ, ಬಂದು ಪಕ್ಕದಲ್ಲಿ ನಿಂತ್ಕೋತೀನಿ. ನಿಂತ್ಕೊಳ್ಳೋದು ಬೇರೆ, ಕತ್ತರಿಸಿ ಕೊಡೋದು ಬೇರೆ. ನೆರಳು ಕೊಟ್ಟರೆ ನಾನು ಬಂಡೆಗೆ ಹೋಗೋದು ಹೆಂಗೆ, ಹಪ್ಪಳ ಒಣಗಿಸೋದು ಹೆಂಗೆ?"

"ಇನ್ನೊಬ್ಬರು ಒಣಗಿಸ್ತಾರೆ" ಅಂದ ದೊರೆ, ಬಿಕ್ಕಳಿಸುತ್ತಾ.

"ದೊರೆಗಳೇ, ನನ್ನ ನೆರಳು ಯಾರ ಹಪ್ಪಳದ ಮೇಲಾದರೂ ಬಿದ್ದಿದ್ದರೆ ಹೇಳಿ, ಈಗಲೇ ಸರೀತೀನಿ. ಯಾರ ಹಪ್ಪಳದ ಮೇಲೂ ಬಿದ್ದಿಲ್ಲ ಅಂದರೆ, ಅದು ನನ್ನ ಕಾಲಬುಡದಲ್ಲೇ ಇರ್ಲಿ."

ಸಿದ್ಧನಿಗೆ ಸಿಟ್ಟು ಬಂತು. ಟಗರಿಗೆ ಕಣ್ಣು ಮಾಡಿದ. ಟಗರು ಕೊಂಬು ಮಸೆಯಿತು. ಕೊಂಬಿನ ಬಾಯಿ ತೆರೆಯಿತು. ತೆರೆದದ್ದು ಕೂಡಲಿಲ್ಲ. ಒಡತಿ 'ತಗೋ' ಅನ್ನದೆ ಆ ಕೊಂಬು ಕೂಡುವಂಥದ್ದೇ ಅಲ್ಲ. ಯಾರೂ ಬೇಡ ಅಂದಿರಲಿಲ್ಲವಲ್ಲ, ಅದಕ್ಕೇ ಯಾರಿಗೂ ಗೊತ್ತಿರಲಿಲ್ಲ.

ಸಿದ್ಧ ಹಲ್ಲು ಕಚ್ಚಿ ನಕ್ಕ. "ಇರಲಿ, ಹುಡುಗಿ. ನೀನಾಗೇ ಅಂತೀಯ."

ಮಾರನೆಯ ದಿನ ಬಂಡೆಯ ಮೇಲೆ ಸಿದ್ಧ ಕಳಿಸಿದ ಒಂದು ನವಿಲು ಇಳಿಯಿತು. ಅದರ ಗರಿಯ ಕಣ್ಣುಗಳು ನಿಜವಾದ ಕಣ್ಣುಗಳು, ಒಂದೊಂದೂ ಬೇರೆ ಬೇರೆ ಹೊತ್ತಿಗೆ ರೆಪ್ಪೆ ಬಡಿಯುತ್ತಿದ್ದವು.

"ಕೊಮಾಲವ್ವ, ಊರಿನ ಸಾವಿರ ಕಣ್ಣೂ ನಿನ್ನ ಮೇಲಿದೆ" ಅಂತು ನವಿಲು. "ತಗೋ ಅಂತೊಂದು ಮಾತು ಅನ್ನು. ಪಲ್ಲಕ್ಕಿ ಬರ್ತದೆ. ರೇಷ್ಮೆ ಬರ್ತದೆ. ಹಾದಿಯಲ್ಲಿ ಹೋಗೋರೆಲ್ಲ 'ಊರ ಮಗಳು' ಅಂತ ಆರತಿ ಎತ್ತುತಾರೆ."

"ಪಲ್ಲಕ್ಕೀಲಿ ಕೂತರೆ ನೀಲಿಬೆಟ್ಟಕ್ಕೆ ಹೋಗಬಹುದಾ?"

ನವಿಲು ಸಾವಿರ ಕಣ್ಣೂ ಪಿಳಿಪಿಳಿ ಬಿಟ್ಟಿತು. "ಪಲ್ಲಕ್ಕಿ ಚಪ್ಪರ ದಾಟೋದಿಲ್ಲ ಕಣವ್ವ."

"ಹಂಗಾದರೆ ಊಹೂಂ. ಸ್ವಲ್ಪ ಬಾಲ ಎತ್ತು, ಹಪ್ಪಳದ ಮೇಲೆ ನೆರಳು ಬೀಳ್ತಾ ಇದೆ."

ನವಿಲು ನಾಚಿಕೊಂಡು ಬಾಲ ಮಡಚಿ ಹಾರಿಹೋಯಿತು. ಹಾರುವಾಗ ಬಿದ್ದ ಒಂದು ಗರಿ ಬಹಳ ಕಾಲ ನನ್ನ ಮನೆಯ ಗೂಡಿನಲ್ಲಿತ್ತು. ನಾನು ಊಟ ಮಾಡುವಾಗ ದಿಟ್ಟಿಸಿ ನೋಡುತ್ತಿತ್ತು ಅಂತ ಕೊನೆಗೆ ಯಾರಿಗೋ ಕೊಟ್ಟುಬಿಟ್ಟೆ.

ಎರಡನೆಯ ಉಪಾಯಕ್ಕೆ ಸಿದ್ಧ ಡಂಗುರ ಹೊಡೆಸಿದ. "ಹಪ್ಪಳದ ಮನೆಗೆ ನೀರಿಲ್ಲ, ಬೆಂಕಿಯಿಲ್ಲ, ಮಾತಿಲ್ಲ! ಅವರನ್ನು ಹೊಸಿಲು ದಾಟಿಸಿಕೊಂಡವರ ಮೇಲಿನ ಚಪ್ಪರ ಬಿಚ್ಚುತ್ತೇವೆ!"

ಅಂದಿನಿಂದ ಬಾವಿಕಟ್ಟೆಯಲ್ಲಿ ಕೊಮಾಲೆ ಕೊಡ ಇಟ್ಟರೆ ಹಗ್ಗ ಮಾಯ. ಕೆಂಡ ಕೇಳಲು ಹೋದರೆ ಬಾಗಿಲು ಮಾಯ. ಗಿಡ್ಡವ್ವ ನಲವತ್ತು ವರ್ಷ ಸಂಕವ್ವನ ಜೊತೆ ಗೋಡೆಯ ಮೇಲಿಂದ ಮಾತಾಡಿದವಳು, ಈಗ ಗೋಡೆಗೆ ಬೆನ್ನು ಹಾಕಿ ತನ್ನ ಕೋಳಿಗೆ ಹೇಳುವವಳಂತೆ ಹೇಳುತ್ತಿದ್ದಳು: "ಕೆಲವರಿಗೆ ಕೊಬ್ಬು ನೋಡು ಕೋಳಿ."

ಕೊಮಾಲೆ ಬಂಡೆಯ ಸೀಳಿನಲ್ಲಿದ್ದ ದೊಣೆಯಿಂದ ನೀರು ತಂದಳು. ಕಾದ ಬಂಡೆಯ ಮೇಲೇ ಹಪ್ಪಳ ಸುಟ್ಟಳು. ಅಜ್ಜಿ, ಮೊಮ್ಮಗಳು ಹಪ್ಪಳ ತಿಂದು ನೀರು ಕುಡಿದು ಮಲಗಿದರು. ಒಂದು ದಿನವಲ್ಲ, ಎರಡು ದಿನವಲ್ಲ, ಒಂದು ತಿಂಗಳು. ಅನ್ನ ಇಲ್ಲದ್ದಕ್ಕಿಂತ ಮಾತು ಇಲ್ಲದ್ದು ಮುದುಕಿಯನ್ನು ಬಡವಾಗಿಸಿತು.

"ಅಜ್ಜಿ, ನನ್ನಿಂದ ನಿನಗೆ ಕಷ್ಟ" ಅಂದಳು ಕೊಮಾಲೆ.

"ಸುಮ್ನಿರು ಮಗಾ. ಹಿಟ್ಟು ನಾದು."

ಅಷ್ಟಕ್ಕೂ ಬಗ್ಗಲಿಲ್ಲ ಅಂತ ಸಿದ್ಧ ಟಗರನ್ನು ಬಂಡೆಗೆ ಅಟ್ಟಿದ. "ಹೋಗು, ತಗೋ ಅನ್ನೋವರೆಗೂ ಗುದ್ದು." ಟಗರು ಓಡಿತು. ಅದಕ್ಕೂ ನೆರಳಿರಲಿಲ್ಲ, ಸಿದ್ಧ ಎಲ್ಲಕ್ಕಿಂತ ಮೊದಲು ಕತ್ತರಿಸಿದ್ದು ಅದರದ್ದೇ. ಅರ್ಧ ದಾರಿಗೆ ಬಾಲ ಆವಿಯಾಯಿತು. ಬಂಡೆ ಹತ್ತುವಷ್ಟರಲ್ಲಿ ಹಿಂಗಾಲು ಕಾಣದೆ ಹೋಯಿತು. ಕೊಮಾಲೆಯ ಮುಂದೆ ಬಂದು ತಲೆ ಬಗ್ಗಿಸಿ ಗುದ್ದಲು ನೋಡಿತು. ಶಕ್ತಿ ಇಲ್ಲದೆ ಕುಸಿಯಿತು.

ಕೊಮಾಲೆ ಮೊರ ಕೆಳಗಿಟ್ಟು ಅದಕ್ಕೂ ಸೂರ್ಯನಿಗೂ ನಡುವೆ ನಿಂತಳು. ಅವಳ ನೆರಳು ಕಂಬಳಿಯ ಹಾಗೆ ಟಗರಿನ ಮೇಲೆ ಬಿತ್ತು. ಹಿಂಗಾಲು ಬಂತು, ಬಾಲ ಬಂತು.

"ಗುದ್ದೋಕೆ ಬಂದವನಿಗೆ ನೆರಳು ಹಿಡೀತೀಯಲ್ಲೇ" ಅಂತು ಟಗರು.

"ಯಾರೂ ಕೇಳದೇನೇ ಹಿಡಿದೆ. ಅದಕ್ಕೇ ಹಿಡಿಯೋಕೆ ಖುಷಿ. ಹಪ್ಪಳ ತಿಂತೀಯಾ?"

ಟಗರು ಕರುಂಕುರುಂ ತಿಂದು ಗಡ್ಡ ನೆಕ್ಕಿಕೊಂಡಿತು. ಆಮೇಲೆ ಅತ್ತಿತ್ತ ನೋಡಿ ಹೇಳಿತು: "ಸಿದ್ಧ ಹೊಲಿಯೋ ನೂಲು ಯಾತರದ್ದು ಗೊತ್ತಾ? ಊರ ಬಾಯಿಯದ್ದು. ಜಗಲಿ ಮೇಲೆ ಕೂತು 'ಅವಳು ಹಂಗಂತೆ, ಇವನು ಹಿಂಗಂತೆ, ನಾಳೆ ಜನ ಏನಂತಾರೆ' ಅಂತ ಆಡ್ತಾರಲ್ಲ, ಆ ಮಾತನ್ನ ಕದಿರಿಗೆ ಸುತ್ತಿ ನೂಲ್ತಾನೆ. ಊರು ಒಂದೇ ಒಂದು ಗಳಿಗೆ ಸುಮ್ಮನಾದರೆ ಸಾಕು, ನೂಲು ಪಟ್ ಅಂತದೆ."

"ನಮ್ಮೂರು ಸುಮ್ಮನಾಗೋದೇ!" ಕೊಮಾಲೆಗೆ ನಗು ಬಂತು. "ಗಿಡ್ಡಜ್ಜಿ ಗೊರಕೆ ಹೊಡೀವಾಗಲೂ ಯಾರನ್ನಾದರೂ ಬೈತಿರ್ತಾಳೆ."

ಕೊನೆಯ ಉಪಾಯವೇ ಕಠಿಣದ್ದು. ಸಿದ್ಧ ಸಂಕವ್ವನ ಮನೆಯ ಮೇಲಿನ ಚಪ್ಪರ ಬಿಚ್ಚಿಬಿಟ್ಟ.

ಹೊತ್ತು ಹುಟ್ಟುತ್ತಲೇ ಬಿಸಿಲು ನಾಲ್ಕು ಗೋಡೆಯ ಒಳಕ್ಕೆ ಕಾದ ಎಣ್ಣೆಯ ಹಾಗೆ ಸುರಿಯಿತು. ಮುದುಕಿ ಲಟ್ಟಣಿಗೆ ಹಿಡಿದು ಕೂತಿದ್ದಳು. ಅವಳ ಬೆರಳ ತುದಿ ಮಸುಕಾಯಿತು. ನರೆಕೂದಲು ಹೊಗೆಯ ಹಾಗೆ ಎದ್ದಿತು.

"ಅಜ್ಜಿ!"

ಕೊಮಾಲೆ ಅವಳನ್ನು ಎಬ್ಬಿಸಿ ಗಿಡ್ಡವ್ವನ ಬಾಗಿಲಿಗೆ ಕರೆದುಕೊಂಡು ಹೋದಳು. ಗಿಡ್ಡವ್ವ ಮೇಲೆ ತನ್ನ ಚಪ್ಪರ ನೋಡಿದಳು, ಕೆಳಗೆ ಗೆಳತಿಯ ಮುಖ ನೋಡಿದಳು, ಬಾಗಿಲು ಹಾಕಿಕೊಂಡಳು. ಅಗಳಿ ಹಾಕಿದ ಸದ್ದು ಮಾತ್ರ ಕೇಳಲಿಲ್ಲ.

ಸಿದ್ಧ ಬಂದ, ಟಗರನ್ನು ಎಳೆದುಕೊಂಡು. ಹಿಂದೆ ಊರೆಲ್ಲ ಬಂತು, ದೊರೆ ಬಂದ. ಎಲ್ಲರೂ ಚಪ್ಪರದ ಅಂಚಿನಲ್ಲಿ ಬೇಲಿಯ ಹಾಗೆ ದಾರಿ ಕಟ್ಟಿ ನಿಂತರು. ನಡುವೆ ಬಿಸಿಲು, ಬಿಸಿಲಲ್ಲಿ ಅಜ್ಜಿ, ಮೊಮ್ಮಗಳು.

"ನಿನ್ನ ನೆರಳು ಕೊಟ್ಟರೆ ಈ ತೂತು ಮುಚ್ಚುತ್ತೇನೆ" ಅಂದ ಸಿದ್ಧ. "ಸರಿಯಾಗಿ ಅಷ್ಟೇ ಅಗಲ ಇದೆ. ತಗೋ ಅನ್ನು."

"ಸ್ವಂತ ಅಜ್ಜೀನ ಕೊಲ್ತೀಯೇನೇ?" ಊರು ಒಂದೇ ಬಾಯಲ್ಲಿ ಕೂಗಿತು. "ಅನ್ನೇ! ಅನ್ನು!"

ಟಗರು ಕೊಂಬು ಮಸೆಯಿತು. ಕೊಂಬಿನ ಬಾಯಿ ತೆರೆಯಿತು. ಕೊಮಾಲೆ ಅಜ್ಜಿಯನ್ನು ನೋಡಿದಳು. ಅಜ್ಜಿಯ ಕಿವಿ ಆಗಲೇ ಇರಲಿಲ್ಲ. ಕೊಮಾಲೆಯ ನಾಲಿಗೆ ಹಲ್ಲಿಗೆ ತಾಗಿತು. 'ತ' ಅನ್ನುವುದು ತುಟಿಯವರೆಗೆ ಬಂತು.

ಮುದುಕಿ ಮಸುಕುಗೈಯಿಂದ ಅವಳ ಬಾಯಿ ಮುಚ್ಚಿದಳು.

"ಅನ್ನಬೇಡ ಕಣೇ. ನಿಂಗೆ ಕೊಡಬೇಕು ಅನ್ನಿಸಿದರೆ ಕೊಡು. ನನ್ನ ಮುಂದಿಟ್ಟುಕೊಂಡು ಕಿತ್ಕೊಳ್ಳೋರಿಗೆ ಕೊಡಬೇಡ. ನಿಂತ್ಕೋ ನನ್ನ ಪಕ್ಕ, ಅಷ್ಟು ಸಾಕು."

ಕೊಮಾಲೆ ನಿಂತಳು. ಸೂರ್ಯ ಒಂದು ಗೇಣು ಸರಿದರೆ ಅವಳೂ ಒಂದು ಗೇಣು ಸರಿದಳು. ನಡುಹಗಲಲ್ಲಿ ನೆರಳು ಚಿಕ್ಕದಾಯಿತು. ಅಜ್ಜಿಯನ್ನು ಮಡಿಲಿಗೆ ಎಳೆದುಕೊಂಡು ಅವಳ ಮೇಲೆ ಬಾಗಿದಳು. ಬೆನ್ನಿನ ಮೇಲೆ ಹಪ್ಪಳ ಇಟ್ಟಿದ್ದರೆ ಬೆಂದು ಉಬ್ಬುತ್ತಿತ್ತು. ಅವಳು ಅಲುಗಲಿಲ್ಲ. ಊರು ನೋಡುತ್ತಲೇ ಇತ್ತು, ಆಡುತ್ತಲೇ ಇತ್ತು. ಸಿದ್ಧನ ಕದಿರು ಗಿರಗಿರ ತಿರುಗುತ್ತಲೇ ಇತ್ತು.

ಇಳಿಹೊತ್ತಿಗೆ ಅಜ್ಜಿಯ ಕಿವಿ ಮತ್ತೆ ಬಂತು. ಮೊದಲು ಕೇಳಿಸಿದ್ದು ಗಿಡ್ಡವ್ವನ ದನಿ. ಬಾಗಿಲು ಒಂದು ಬೆರಳಷ್ಟು ತೆರೆದಿತ್ತು.

"ಸಂಕೀ, ಸುಮ್ನೆ ಅನ್ನಿಸಬಾರದೇನೇ? ನಾವೆಲ್ಲ ಅನ್ನಲಿಲ್ವಾ?"

"ಲೇ ಗಿಡ್ಡೀ" ಅಂದಳು ಸಂಕವ್ವ, ತಿಂಗಳ ಮೇಲೆ ಗೆಳತಿಯ ಹೆಸರು ಹಿಡಿದು. "ನಾನು ಯಾಕೆ 'ತಗೋ' ಅಂದೆ ಗೊತ್ತೇನೇ? ಕಟ್ಟೆ ಮೇಲೆ ನಿಂತಾಗ ನಂಗೆ ಅಳು ಬಂದಿತ್ತು. ಬೇಡ ಅನ್ನೋಣ ಅಂತಿದ್ದೆ. ಹಿಂದಿನ ದಿನ ನೀನು ನಗ್ತಾ ನಗ್ತಾ ಅಂದಿದ್ದೆಯಲ್ಲ, ನಾನು ಅನ್ನದೆ ಇದ್ದರೆ ನೀನೇನು ಅಂದುಕೊಳ್ತೀಯೋ ಅಂತ ಅಂದೆ."

ಬಾಗಿಲು ಪೂರ್ತಿ ತೆರೆಯಿತು.

"ಅಯ್ಯೋ ನಿನ್ನ! ಮಾರನೆ ದಿನ ನೀನು ಹೆಂಗೂ ಅಂತೀಯ, ಧೈರ್ಯಗಾತಿ, ನಾನು ಅನ್ನದಿದ್ದರೆ ನನ್ನ ಜೊತೆ ಮಾತು ಬಿಡ್ತೀಯ ಅಂತ ನಾನು ಅಂದೆ ಕಣೇ! ನಗ್ತಾ ಎಲ್ಲಿದ್ದೆ? ಹಲ್ಲು ಕಟಕಟ ಅಂತಿತ್ತು!" ಗಿಡ್ಡವ್ವ ಗಂಡನ ಕಡೆ ತಿರುಗಿದಳು. "ನೀವು? ನೀವು ಯಾಕೆ ಅಂದಿರಿ?"

"ನಮ್ಮಣ್ಣ ಅಂದಿದ್ದ" ಅಂದ ಅವನು. ಅಣ್ಣ ಅಲ್ಲೇ ಇದ್ದ. "ನಾನು ಕುಂಬಾರ ಅಂದ ಅಂತ ಅಂದೆ." ಕುಂಬಾರ, "ನಾನು ಅಗಸ ಅಂದ ಅಂತ." ಅಗಸ, "ನಾನು ದೊರೆ ಅಂದರು ಅಂತ." ಎಲ್ಲರೂ ದೊರೆಯ ಕಡೆ ನೋಡಿದರು. ದೊರೆ ಕಿರೀಟ ತೆಗೆದು ತಲೆ ಕೆರೆದುಕೊಂಡ. "ಊರೆಲ್ಲ ಅಂತಿದೆ ಅಂತ ನಾನು ಅಂದೆ..."

ಅಲ್ಲಿಗೆ ಮಾತು ಸುತ್ತಿ ಬಂದು ತನ್ನ ಬಾಲವನ್ನೇ ಕಚ್ಚಿಕೊಂಡಿತು. ಇನ್ನು ಯಾರನ್ನು ಕೇಳುವುದು? ಯಾರ ಬಗ್ಗೆ ಆಡುವುದು? ಎಲ್ಲರೂ ಬಾಯಿ ತೆರೆದರು. ಯಾರ ಬಾಯಿಂದಲೂ ಏನೂ ಬರಲಿಲ್ಲ.

ಊರು ಸುಮ್ಮನಾಯಿತು. ಟಗರು ಕೊಮಾಲೆಯ ಮೊರದಿಂದ ಒಂದು ಹಪ್ಪಳ ಎತ್ತಿಕೊಂಡು ತಿನ್ನುತ್ತಿತ್ತು. ಕರುಂ. ಕುರುಂ. ಇಡೀ ರಾಜ್ಯದಲ್ಲಿ ಅದೊಂದೇ ಸದ್ದು.

ಪಟ್.

ಸಿದ್ಧನ ಕದಿರಿನಲ್ಲಿ ನೂಲು ಹರಿಯಿತು. ಪಟ್, ಪಟ್, ಪಟಪಟ ಅಂತ ಚಪ್ಪರದ ಹೊಲಿಗೆಯೆಲ್ಲ ಬಿಚ್ಚಿತು. ಸಿದ್ಧ ಕೂಗಲು ಹೋದ. ಕೂಗು ಸಣ್ಣಗಾಯಿತು, ಅವನೂ ಸಣ್ಣಗಾದ, ಬಿದಿರಿನಷ್ಟಿದ್ದವನು ಕಡ್ಡಿಯಷ್ಟಾದ, ಕಡ್ಡಿಯಷ್ಟಿದ್ದವನು ಎಳೆಯಷ್ಟಾದ. ಕೊನೆಗೆ ನೆಲದ ಮೇಲೆ ಒಂದು ತುಕ್ಕು ಹಿಡಿದ ಸೂಜಿ ಬಿದ್ದಿತ್ತು. ಅವನು ಮೊದಲಿಂದಲೂ ಅಷ್ಟೇ ಇದ್ದದ್ದು.

ನೆರಳುಗಳು ಹತ್ತಿಯ ಹಾಗೆ ತೇಲುತ್ತಾ ತೇಲುತ್ತಾ ಇಳಿದವು. ಒಂದೊಂದೂ ತನ್ನ ಒಡೆಯರ ಕಾಲು ಹುಡುಕಿಕೊಂಡು ಬಂತು. ದಪ್ಪಗಾಗಿದ್ದ ಅಗಸನಿಗೆ ಸಣಕಲು ನೆರಳು ಬಂದು, ಅವನು ಅಡ್ಡ ತಿರುಗಿ ಹೊಟ್ಟೆ ನೋಡಿಕೊಂಡ. ಟಗರಿನ ನೆರಳಿಗೆ ಕತ್ತರಿಯೇ ಇರಲಿಲ್ಲ, ಸುರುಳಿ ಕೊಂಬು. ನೋಡನೋಡುತ್ತಿದ್ದಂತೆ ಟಗರಿನ ಕೊಂಬೂ ಸುರುಳಿ ಸುತ್ತಿಕೊಂಡಿತು. ಒಡೆಯರು ಸತ್ತುಹೋಗಿದ್ದ ನೆರಳುಗಳಿಗೆ ಹೋಗಲು ಕಾಲಿರಲಿಲ್ಲ. ಅವು ಬೀದಿಯ ಅಂಚಿನಲ್ಲಿ ನಿಂತವು, ಮಣ್ಣಿಗೆ ಇಳಿದವು, ಹೊಂಗೆಮರಗಳಾಗಿ ಎದ್ದವು. ಹೊಂಗೆಯ ನೆರಳು ಬೇರೆ ಮರಕ್ಕಿಂತ ತಂಪು ಅಂತೀರಲ್ಲ, ಯಾಕೆ ಅಂತ ಈಗ ಗೊತ್ತಾಯಿತೇ? ಓದಿದವರನ್ನು ಕೇಳಿ, ಹೇಳಲಾರರು.

ಸಂಕವ್ವನ ನೆರಳು ಎಲ್ಲಕ್ಕಿಂತ ಕೊನೆಗೆ ಬಂತು. ಅದು ಹದಿನಾರರಲ್ಲಿ ಕತ್ತರಿಸಿದ ನೆರಳಲ್ಲವೇ? ಬೆನ್ನು ನೆಟ್ಟಗಿತ್ತು, ಮೊಣಕಾಲುದ್ದ ಜಡೆ ಇತ್ತು. ಮುದುಕಿ ಬಗ್ಗಿ ಅದನ್ನು ನೋಡಿದಳು. ಅದು ಬಗ್ಗಲಿಲ್ಲ. ಗಿಡ್ಡವ್ವ ಬಂದು ಪಕ್ಕದಲ್ಲಿ ನಿಂತಳು. ನೆಲದ ಮೇಲೆ ಇಬ್ಬರು ಹುಡುಗಿಯರು ಕೈ ಹಿಡಿದುಕೊಂಡರು.

ದೊರೆ ಆವತ್ತೇ ಒಂದು ಕಟ್ಟಳೆ ಮಾಡಿ ಡಂಗುರ ಹೊಡೆಸಿದ: "ಒಬ್ಬರ ನೆರಳು ಇನ್ನೊಬ್ಬರ ಹಪ್ಪಳದ ಮೇಲೆ ಬಿದ್ದರೆ ಸರಿಯಿರಿ ಅನ್ನಬಹುದು. ಅದಕ್ಕಿಂತ ಹೆಚ್ಚು ಅನ್ನುವ ಹಾಗಿಲ್ಲ. ಊರಿಗೂ ಇಲ್ಲ, ನನಗೂ ಇಲ್ಲ." ಮನೆಮನೆಗೆ ಸೂರು ಹತ್ತಿತು. ಬಿಸಿಲು ಹೆಚ್ಚಾದ ದಿನ ಜನ ಒಬ್ಬರಿಗೊಬ್ಬರು ಕರೆಯದೆಯೇ ಬಂದು ನಿಲ್ಲುತ್ತಿದ್ದರು. ಆಕಳಿಕೆ ಬಂದವನು ಒಬ್ಬನೇ ಆಕಳಿಸುತ್ತಿದ್ದ. ಆ ತುಕ್ಕು ಸೂಜಿಯನ್ನು ಸಂಕವ್ವ ಬೂದಿಯಲ್ಲಿ ತಿಕ್ಕಿ ಕೌದಿ ಹೊಲಿಯಲು ಇಟ್ಟುಕೊಂಡಳು.

ಚಪ್ಪರ ಬಿಚ್ಚಿದ ಮಾರನೆಯ ಬೆಳಿಗ್ಗೆ ಕೊಮಾಲೆ ಮೊರ ತುಂಬ ಹಪ್ಪಳ ಕಟ್ಟಿಕೊಂಡು ಹೊಸಿಲಲ್ಲಿ ನಿಂತಳು.

"ಎಲ್ಲಿಗೇ?" ಅಂದಳು ಗಿಡ್ಡವ್ವ ಗೋಡೆಯ ಮೇಲಿಂದ. "ಹೆಣ್ಣುಹುಡುಗಿ ಒಬ್ಬಳೇ... ಜನ ಏನಂ..." ಅಂದವಳು ಬಾಯಿಗೆ ಸೆರಗು ತುರುಕಿಕೊಂಡಳು.

"ನೀಲಿಬೆಟ್ಟಕ್ಕೆ ಗಿಡ್ಡಜ್ಜಿ. ನೋಡಿ ಬರ್ತೀನಿ."

"ಹೋಗಿ ಬಾ ಮಗಾ" ಅಂದಳು ಸಂಕವ್ವ. ಅಷ್ಟೇ ಅಂದಳು. ಕಣ್ಣು ಒರೆಸಿಕೊಂಡದ್ದು ಅವಳ ನೆರಳಿಗೂ ಗೊತ್ತಾಗಲಿಲ್ಲ.

ಟಗರು ಹಿಂದೆ ಹೊರಟಿತು. ತೆಂಗಿನಮರದಷ್ಟು ಉದ್ದದ ನೆರಳು ಮುಂದೆ ಮುಂದೆ ಹೋಯಿತು. ಕೊಮಾಲೆ ನೀಲಿಬೆಟ್ಟ ನೋಡಿದಳು, ಅದರಾಚೆಯದನ್ನೂ ನೋಡಿದಳು, ಮಳೆಗಾಲಕ್ಕೆ ಮನೆಗೆ ಬಂದಳು, ಮತ್ತೆ ಬೇಕೆನಿಸಿದಾಗ ಹೋದಳು. ಆ ಊರಲ್ಲಿ ಎಲ್ಲರೂ ಅವರವರ ನೆರಳಿನ ಜೊತೆ ತಣ್ಣಗೆ ಬಾಳಿದರು.

ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಆ ಟಗರು ದಾರಿಯಲ್ಲಿ ನನ್ನ ಜಗಲಿಯ ಮೇಲೆ ಒಂದು ಮಧ್ಯಾಹ್ನ ಮಲಗಿತ್ತು, ಹೇಳಿದ್ದು ಅದೇ. ನಂಬಲೇಬೇಕು ಅಂತ ಮೊದಲೆಲ್ಲ ಕೋಲು ಹಿಡಿದು ಕೂರುತ್ತಿದ್ದೆ. ಈಗ ಬಿಟ್ಟಿದ್ದೇನೆ. ನಂಬುವವರು ನಂಬಿ, ಬಿಡುವವರು ಬಿಡಿ. ನಿಮ್ಮ ತಲೆ, ನಿಮ್ಮ ನೆರಳು. ಸ್ವಲ್ಪ ಆಚೆ ಸರಿಯಿರಿ ಅಷ್ಟೇ, ನಮ್ಮವಳು ಹಪ್ಪಳ ಹರವಿದ್ದಾಳೆ.